ಬರೆಯದೆ ಬಿಟ್ಟ ಹೆಸರು



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಕೊಡಗಿನ ಧರ್ಮಕೇಂದ್ರಗಳಲ್ಲಿ ಸಮಾಧಿಭೂಮಿಯನ್ನು ಹಸನು ಮಾಡುವ ಕೆಲಸ ಮೊದಲಾಗುತ್ತದೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲನ್ನು ಸವರಿ, ಶಿಲುಬೆಗಳಿಗೆ ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚಿ, ಅಗಲಿದವರ ಹೆಸರುಗಳನ್ನು ಒಂದೊಂದಾಗಿ ಓದಿ ಅವರ ಆತ್ಮಶಾಂತಿಗಾಗಿ ಪ್ರಾರ್ಥಿಸುತ್ತೇವೆ. ಹೆಸರು ಓದುವಾಗ ಮನೆಮಂದಿ ತಲೆ ತಗ್ಗಿಸಿ ನಿಲ್ಲುತ್ತಾರೆ. ಓದದೆ ಬಿಟ್ಟ ಹೆಸರುಗಳ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಮಡಿಕೇರಿಯ ಗದ್ದುಗೆಯನ್ನು ನೀವೆಲ್ಲರೂ ನೋಡಿರುತ್ತೀರಿ. ದುಂಡು ಗುಮ್ಮಟಗಳೂ ಮೂಲೆಗಳಲ್ಲಿ ಕುಳಿತ ನಂದಿಗಳೂ ಉಳ್ಳ ಆ ಸಮಾಧಿಗಳಲ್ಲಿ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ಮಲಗಿದ್ದಾನೆ. ಅವನ ತಮ್ಮ ಲಿಂಗರಾಜ ಮಲಗಿದ್ದಾನೆ. ಆದರೆ ಲಿಂಗರಾಜನ ಮಗ, ಕೊಡಗಿನ ಕಡೆಯ ದೊರೆ ಚಿಕವೀರ ರಾಜೇಂದ್ರ ಅಲ್ಲಿಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಸಿಂಹಾಸನದಿಂದ ಇಳಿಸಿತು. ವೆಲ್ಲೂರು, ಕಾಶಿಗಳಲ್ಲಿ ಸೆರೆಯ ಬಾಳು ಬಾಳಿ, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ ಅವನು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ದೇಹ ಅಲ್ಲಿನ ಕೆನ್ಸಲ್ ಗ್ರೀನ್ ಸಮಾಧಿಭೂಮಿಯ ಮಣ್ಣಿಗೆ ಸೇರಿತು. ತಂದೆಯ ಪಕ್ಕದಲ್ಲಿ ಇರಬೇಕಾಗಿದ್ದವನು ಸಮುದ್ರದಾಚೆ ಉಳಿದ.

ಈ ದೊರೆಯನ್ನು ಕುರಿತು ಮಾಸ್ತಿ ವೆಂಕಟೇಶ ಅಯ್ಯಂಗಾರರು 1956ರಲ್ಲಿ ‘ಚಿಕವೀರ ರಾಜೇಂದ್ರ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. 1983ರ ಜ್ಞಾನಪೀಠ ಪ್ರಶಸ್ತಿ ಮಾಸ್ತಿಯವರಿಗೆ ಸಂದಾಗ ಈ ಕೃತಿಯ ಹೆಸರು ಮನೆಮನೆಗೂ ಮುಟ್ಟಿತು. ನಮ್ಮ ಕಥೋಲಿಕ ಕುಟುಂಬಗಳಲ್ಲಿ ಇದನ್ನು ಓದಿದವರು ಎಷ್ಟು ಮಂದಿಯೋ ತಿಳಿಯದು. ನಮ್ಮ ಜಿಲ್ಲೆಯ ಕತೆ ಎಂಬ ಕಾರಣಕ್ಕಾಗಿಯಾದರೂ ಓದಬೇಕು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪಾಪ, ಪಾಪಪ್ರಜ್ಞೆ, ಪೂರ್ವಗ್ರಹ, ಬೆನ್ನುಬಿಡದ ಗತಕಾಲ ಇವುಗಳ ವಿಷಯದಲ್ಲಿ ನಾವು ಪ್ರವಚನಪೀಠದಿಂದ ಹೇಳಿ ಮುಗಿಸಲಾಗದ ಸಂಗತಿಯನ್ನು ಆ ಕಾದಂಬರಿ ಒಂದು ಅರಮನೆಯ ಬಾಳಿನಲ್ಲಿ ತೋರಿಸಿಕೊಡುತ್ತದೆ.

ಕತೆಯ ಮೇಲ್ಮೈ ಸರಳವಾಗಿದೆ. ಕುಡಿತಕ್ಕೂ ಕಾಮಕ್ಕೂ ಕೋಪಕ್ಕೂ ತನ್ನನ್ನು ಒಪ್ಪಿಸಿಕೊಂಡ ದೊರೆ. ಅವನನ್ನು ತಾಳ್ಮೆಯಿಂದ ತಿದ್ದಲು ಹೆಣಗುವ ರಾಣಿ ಗೌರಮ್ಮ. ನಾಡಿನ ಹಿತವನ್ನೂ ಒಡೆಯನ ಮೇಲಿನ ನಿಷ್ಠೆಯನ್ನೂ ಒಟ್ಟಿಗೆ ಹೊರಲಾಗದೆ ತೊಳಲಾಡುವ ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ. ಅರಸನಿಗೆ ಹೆದರಿ ಗಡಿ ದಾಟುವ ಸೋದರಿ ಮತ್ತು ಆಕೆಯ ಗಂಡ. ಅರಸನ ಕೈಯಲ್ಲಿ ಸಾಯುವ ಅವರ ಹಸುಗೂಸು. ಇವರೆಲ್ಲರ ನಡುವೆ ಕಾಲೆಳೆದುಕೊಂಡು ನಡೆಯುವವನು ಕುಂಟ ಬಸವ.

ಬಸವ ಅರಮನೆಯ ಆಳುಮಕ್ಕಳ ನಡುವೆ ಬೆಳೆದವನು. ತಂದೆ ಯಾರು, ತಾಯಿ ಯಾರು ಎಂಬುದು ಅವನಿಗೆ ತಿಳಿಯದು. ಬಾಲ್ಯದಿಂದಲೂ ರಾಜಕುಮಾರನ ಜೊತೆಗಾರ, ಮುಂದೆ ಅವನ ದುಶ್ಚಟಗಳ ಜೊತೆಗಾರ, ಕೊನೆಗೆ ಮಂತ್ರಿ. ಅವನು ಏರಿದ ಎತ್ತರವನ್ನು ಕಂಡು ನಾಡಿನ ಹಿರಿಯರು ಹಲ್ಲು ಕಡಿಯುತ್ತಾರೆ. ಅವನು ಮಾಡಿದ ಕೇಡು ನಿಜ. ಆದರೆ ಅವರ ಹೇಸಿಗೆ ಆ ಕೇಡಿನಿಂದಷ್ಟೇ ಹುಟ್ಟಿದ್ದಲ್ಲ. ಅವನ ಕಾಲಿನಿಂದ, ಅವನ ಗೊತ್ತಿಲ್ಲದ ಹುಟ್ಟಿನಿಂದ ಹುಟ್ಟಿದ್ದು. ‘ಕುಂಟ’ ಎಂಬುದು ಅವನ ಹೆಸರಿಗೇ ಅಂಟಿಕೊಂಡಿದೆ. ಹೀಗಿರುವಾಗ ಭಗವತಿ ಎಂಬ ಹೆಂಗಸು ನಾಡಿಗೆ ಮರಳುತ್ತಾಳೆ. ಒಂದು ಕಾಲದಲ್ಲಿ ಲಿಂಗರಾಜನು ಪ್ರೀತಿಸಿ ಕೈಬಿಟ್ಟವಳು ಆಕೆ. ಬಸವ ಆಕೆಯ ಮಗ. ಎಂದರೆ ಲಿಂಗರಾಜನ ಮಗ. ಎಂದರೆ ದೊರೆಗೆ ಅಣ್ಣ. ಸತ್ಯ ಬೆಳಕಿಗೆ ಬರುವ ಹೊತ್ತಿಗೆ ಕಾಲ ಮಿಂಚಿದೆ. ಅದರಿಂದ ಉಳಿಸಿಕೊಳ್ಳಬಹುದಾಗಿದ್ದದ್ದು ಯಾವುದೂ ಉಳಿದಿಲ್ಲ.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ಹೇಳಬೇಕು. ಕಾದಂಬರಿಯು ಚರಿತ್ರೆಯಲ್ಲ. ಚಿಕವೀರ ರಾಜೇಂದ್ರನ ಕ್ರೌರ್ಯವನ್ನು ದಾಖಲಿಸಿದವರಲ್ಲಿ ಅವನ ರಾಜ್ಯವನ್ನು ನುಂಗಿದವರೂ ಇದ್ದರು. ಅವನನ್ನು ರಾಕ್ಷಸನೆಂದು ತೋರಿಸುವುದರಲ್ಲಿ ಅವರಿಗೆ ಲಾಭವಿತ್ತು. ಆದುದರಿಂದ ಸತ್ತ ಅರಸನ ಮೇಲೆಯೂ ನಮಗೆ ಪೂರ್ವಗ್ರಹ ಇರಬಾರದು. ಮಾಸ್ತಿಯವರ ದೊಡ್ಡತನವೆಂದರೆ ಅವರು ಯಾರನ್ನೂ ಬರಿಯ ಕೇಡಿಗನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ಈ ಮನುಷ್ಯ ಹೀಗಾಗಲು ಅವನಿಗಿಂತ ಮುಂಚೆ ಏನೇನು ನಡೆದಿತ್ತು ಎಂಬುದನ್ನು ಓದುಗನು ಕೇಳಿಕೊಳ್ಳುವಂತೆ ಮಾಡುತ್ತಾರೆ.

ಆ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ನಮಗೆ ಕಂಡದ್ದು ಇದು. ಪೂರ್ವಗ್ರಹವೆಂದರೆ ಅಜ್ಞಾನ, ವಿದ್ಯೆ ಬಂದರೆ ಅದು ಹೋಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಎಷ್ಟೋ ಬಾರಿ ಪೂರ್ವಗ್ರಹವು ಒಪ್ಪಿಕೊಳ್ಳದ ತಪ್ಪಿನ ಮೇಲೆ ಹೊದಿಸಿದ ಕಂಬಳಿ. ನಾವು ಯಾರಿಗೆ ಅನ್ಯಾಯ ಮಾಡಿದ್ದೇವೆಯೋ ಅವರನ್ನೇ ಹಗುರವಾಗಿ ಕಾಣತೊಡಗುತ್ತೇವೆ. ಅವನು ಹುಟ್ಟಿನಿಂದಲೇ ಕೀಳು ಎಂದು ನಂಬಿಕೊಂಡರೆ, ಅವನನ್ನು ಕೆಳಗೆ ತಳ್ಳಿದವರು ನಾವು ಎಂಬುದನ್ನು ನೆನೆಯುವ ಕಷ್ಟ ತಪ್ಪುತ್ತದೆ. ತಂದೆ ತೊರೆದ ಮಗುವನ್ನು ಅರಮನೆ ‘ಕುಂಟ’ ಎಂದು ಕರೆಯಿತು. ಆ ಹೆಸರಿನಲ್ಲಿ ತಂದೆಯ ಪಾಪ ಅಡಗಿ ಕುಳಿತಿತು. ಹೆಸರಿಟ್ಟವರು ಮರೆತರೂ ಪಾಪ ಮರೆಯಲಿಲ್ಲ. ಅದು ಒಂದು ತಲೆಮಾರು ಕಾದಿದ್ದು ರಾಜ್ಯವನ್ನೇ ಕೇಳಿತು.

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು ಇದೇ ಲಿಂಗರಾಜನು 1820ರಲ್ಲಿ ಕಟ್ಟಿಸಿದನು. ನಿರಪರಾಧಿಯಾದ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪ ಅವನನ್ನು ಕಾಡಿತೆಂದೂ ಅದರ ಪರಿಹಾರಕ್ಕಾಗಿ ದೇವಾಲಯವನ್ನು ಕಟ್ಟಿಸಿದನೆಂದೂ ಸ್ಥಳೀಯ ಐತಿಹ್ಯ. ಐತಿಹ್ಯವನ್ನು ನಾವು ಚರಿತ್ರೆಯೆಂದು ಹೇಳುವುದಿಲ್ಲ. ಆದರೆ ಅಪರಾಧವು ಅರಸನನ್ನೂ ನಿದ್ರಿಸಗೊಡದು ಎಂಬುದನ್ನು ಈ ನಾಡಿನ ಜನ ಬಲ್ಲರು. ಅದಕ್ಕೇ ಆ ಕತೆ ಇನ್ನೂ ಉಳಿದಿದೆ. ಕತೆಯ ಲಿಂಗರಾಜ ಕೊಂದವನಿಗಾಗಿ ಗುಡಿ ಕಟ್ಟುತ್ತಾನೆ. ಕಾದಂಬರಿಯ ಲಿಂಗರಾಜನಿಗೆ ಮಾತ್ರ ಬದುಕಿರುವ ಮಗನನ್ನು ಮಗನೆಂದು ಕರೆಯಲಾಗಲಿಲ್ಲ. ಕಲ್ಲಿನ ಪ್ರಾಯಶ್ಚಿತ್ತ ಸುಲಭ, ಬಾಯಿಮಾತಿನ ಪ್ರಾಯಶ್ಚಿತ್ತ ಕಷ್ಟ.

ಇಷ್ಟನ್ನು ಬರೆದು ಇಲ್ಲಿಗೇ ನಿಲ್ಲಿಸಿದರೆ ಪರರ ಪಾಪವನ್ನು ಎಣಿಸಿದಂತಾಗುತ್ತದೆ. ನಮ್ಮದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಹಗಲು ಹೊತ್ತಿನಲ್ಲಿ ಒಂದು ಬಂಗಲೆಯ ಜಗಲಿಯಲ್ಲಿ ಆಡಿದ ಮಾತು. ಸಂಬಂಧಪಟ್ಟ ಯುವಕನು ಬರೆಯಿರಿ ಎಂದ ಮೇಲೆಯೇ ಬರೆಯುತ್ತಿದ್ದೇವೆ. ಊರನ್ನೂ ವರ್ಷವನ್ನೂ ಹೇಳುವುದಿಲ್ಲ.

ನಮಗೆ ಗುರುದೀಕ್ಷೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ನಾವಿದ್ದ ಧರ್ಮಕೇಂದ್ರದಲ್ಲಿ ಕಾಫಿ ತೋಟದ ಒಂದು ಮನೆತನವಿತ್ತು. ದೇವಾಲಯಕ್ಕೆ ಧಾರಾಳವಾಗಿ ಕೊಡುವ ಮನೆತನ. ಆ ಮನೆಯ ಮಗನಿಂದ ಲೈನುಮನೆಯ ಒಬ್ಬ ಹುಡುಗಿ ಗರ್ಭಿಣಿಯಾದಳು. ಅವಳೂ ನಮ್ಮ ಧರ್ಮಕೇಂದ್ರದವಳೇ. ಮಗು ಹುಟ್ಟಿತು. ಸ್ನಾನದೀಕ್ಷೆಗೆ ಮುಂಚಿನ ದಿನ ಮನೆಯ ಯಜಮಾನರು ನಮ್ಮನ್ನು ಕರೆಸಿ, ಕಾಫಿ ಕೊಟ್ಟು, “ಫಾದರ್, ಪುಸ್ತಕದಲ್ಲಿ ತಂದೆಯ ಹೆಸರು ಬೇಡ. ನಮ್ಮ ಮಾನ ನಿಮ್ಮ ಕೈಲಿದೆ” ಎಂದರು. ವಿವಾಹಬಾಹಿರವಾಗಿ ಹುಟ್ಟಿದ ಮಗುವಿನ ತಂದೆಯ ಹೆಸರನ್ನು ದಾಖಲಿಸಬೇಕಾದರೆ ಸಾರ್ವಜನಿಕ ದಾಖಲೆ ಇರಬೇಕು, ಇಲ್ಲವೇ ಆತನೇ ಧರ್ಮಗುರುವಿನ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಳ್ಳಬೇಕು ಎಂಬುದು ಧರ್ಮಸಭೆಯ ಕಾನೂನು. ನಾವು ಆ ಕಾನೂನಿನ ಹಿಂದೆ ಅಡಗಿಕೊಂಡೆವು. ಆ ಯುವಕನನ್ನು ಕರೆಸಿ ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ. ಸಾಲು ಖಾಲಿ ಉಳಿಯಿತು.

ಮುಂದೆ ಆ ಹುಡುಗ ಜ್ಞಾನೋಪದೇಶ ತರಗತಿಗೆ ಬಂದ. ಚುರುಕಾದ ಹುಡುಗ. ಪೀಠಸೇವಕರ ಪಟ್ಟಿಯಲ್ಲಿ ಅವನ ಹೆಸರು ಸೇರಿಸಬೇಕೆಂದಾಗ ಒಂದಿಬ್ಬರು ಹಿರಿಯರು, “ಲೈನಿನ ಹುಡುಗ, ನಡತೆ ಹೇಗೋ ಏನೋ” ಎಂದರು. ಅವನ ನಡತೆಯಲ್ಲಿ ಯಾವ ದೋಷವನ್ನೂ ನಾವು ಕಂಡಿರಲಿಲ್ಲ. ಆದರೂ ಸುಮ್ಮನಾದೆವು. ಅದಕ್ಕಿಂತ ನಾಚಿಕೆಗೇಡಿನ ಮಾತೆಂದರೆ, ಅವನನ್ನು ಕಂಡಾಗಲೆಲ್ಲ ನಮಗೆ ಒಂದು ಬಗೆಯ ಕಿರಿಕಿರಿಯಾಗುತ್ತಿತ್ತು. ಇವನು ಸ್ವಲ್ಪ ಮೊಂಡ ಎಂದು ನಾವೂ ನಂಬತೊಡಗಿದ್ದೆವು. ನಾವು ಮೇಲೆ ಹೇಳಿದ ತತ್ತ್ವವನ್ನು ಕಲಿತದ್ದು ಸೆಮಿನರಿಯ ಪುಸ್ತಕಗಳಿಂದಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಆತ ನಾವು ಈಗಿರುವಲ್ಲಿಗೆ ಹುಡುಕಿಕೊಂಡು ಬಂದ. ಮದುವೆಗಾಗಿ ಸ್ನಾನದೀಕ್ಷೆಯ ಪ್ರಮಾಣಪತ್ರ ತೆಗೆಸಿದ್ದ. ಕಾಗದವನ್ನು ಮೇಜಿನ ಮೇಲಿಟ್ಟು ಕೆಳಗಿದ್ದ ನಮ್ಮ ಹೆಸರನ್ನು ಬೆರಳಿನಿಂದ ತೋರಿಸಿದ. ನಂತರ ಖಾಲಿ ಸಾಲನ್ನು ತೋರಿಸಿ, “ಫಾದರ್, ನಿಮಗೆ ಗೊತ್ತಿತ್ತಾ?” ಎಂದು ಕೇಳಿದ. “ಗೊತ್ತಿತ್ತು ಮಗು” ಎಂದೆವು. ಅವನು ಕೂಗಾಡಲಿಲ್ಲ. ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, “ಅಮ್ಮ ಹೇಳಿದ್ದು ಸುಳ್ಳಲ್ಲ ಅಂತ ಒಬ್ಬರಾದರೂ ಹೇಳಿದಿರಲ್ಲ” ಎಂದ. ಅಷ್ಟು ವರ್ಷ ಆ ತಾಯಿಯನ್ನು ಸುಳ್ಳುಗಾತಿಯೆಂದು ಊರು ಕರೆದಿತ್ತು. ಹಾಗೆ ಕರೆಯಲು ಬೇಕಾದ ಮೌನವನ್ನು ಒದಗಿಸಿದವರು ನಾವು.

ದಾವೀದ ಅರಸನ ಕತೆಯನ್ನು ನೆನೆಯೋಣ. ಊರೀಯನ ಹೆಂಡತಿಯನ್ನು ಅಪಹರಿಸಿ, ಊರೀಯನನ್ನು ಕೊಲ್ಲಿಸಿ, ಏನೂ ಆಗದಂತೆ ಕುಳಿತಿದ್ದ ದಾವೀದನಿಗೆ ನಾತಾನ ಪ್ರವಾದಿಯು ಒಂದು ಕತೆ ಹೇಳಿದನು: ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕತೆ. ಕತೆಯಲ್ಲಿನ ಪಾಪಿಯ ಮೇಲೆ ದಾವೀದನಿಗೆ ಕೋಪ ಬಂತು. ಆ ಪಾಪಿ ತಾನೇ ಎಂದು ತಿಳಿದಾಗ ಅವನು ನಾತಾನನನ್ನು ಶಿಕ್ಷಿಸಲಿಲ್ಲ; ತಪ್ಪನ್ನು ಒಪ್ಪಿಕೊಂಡ. ಒಳ್ಳೆಯ ಕಾದಂಬರಿ ಮಾಡುವ ಕೆಲಸವೂ ನಾತಾನನ ಕೆಲಸವೇ. ಕುಂಟ ಬಸವನಿಗಾಗಿ ಮರುಗಿ ಪುಸ್ತಕ ಮುಚ್ಚಿ, ಮರುದಿನ ನಮ್ಮ ನಡುವಿನ ಬಸವನನ್ನು ಹಿಂದಿನ ಬೆಂಚಿಗೆ ಕಳಿಸಿದರೆ ನಾವು ಓದಿದ್ದು ವ್ಯರ್ಥ.

ಅದೇ ದಾವೀದನ ಜೀವನದಲ್ಲಿ ಇನ್ನೊಂದು ಘಟನೆಯಿದೆ. ಸೌಲನ ಮೊಮ್ಮಗ ಮೆಫೀಬೋಶೆತನು ಎರಡೂ ಕಾಲು ಕುಂಟಾದವನು, ಬಿದ್ದುಹೋದ ಮನೆತನದವನು, ಪರರ ಮನೆಯಲ್ಲಿ ಅಡಗಿ ಬಾಳುತ್ತಿದ್ದವನು. ದಾವೀದನು ಅವನನ್ನು ಹೆಸರು ಹಿಡಿದು ಕರೆಸಿ, ತಾತನ ಜಮೀನನ್ನು ಮರಳಿಸಿ, ತನ್ನ ಮಕ್ಕಳಂತೆಯೇ ತನ್ನ ಮೇಜಿನಲ್ಲಿ ಊಟಕ್ಕೆ ಕೂರಿಸಿದನು. ಜೆರುಸಲೇಮಿನ ಅರಮನೆ ಕುಂಟನನ್ನು ಮೇಜಿಗೆ ಕರೆಯಿತು. ಕಾದಂಬರಿಯ ಮಡಿಕೇರಿಯ ಅರಮನೆ ಕರೆಯಲಿಲ್ಲ. ಎರಡಕ್ಕೂ ನಡುವಿನ ಅಂತರದಲ್ಲಿಯೇ ಶುಭಸಂದೇಶದ ಅರ್ಥವಿದೆ.

ಹಾಗಾದರೆ ಹಿರಿಯರು ಮಾಡಿದ ತಪ್ಪಿಗೆ ಕಿರಿಯರು ಎಷ್ಟು ಹೊಣೆ? ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಈ ಪ್ರಶ್ನೆಯನ್ನು ತನ್ನ ದೇಶದವರ ಮುಂದಿಟ್ಟನು. ಅವನ ಹೆಂಡತಿ ಯೆಹೂದ್ಯಳು. ನಾಜಿಗಳು 1937ರಲ್ಲಿ ಅವನನ್ನು ವಿಶ್ವವಿದ್ಯಾಲಯದ ಹುದ್ದೆಯಿಂದ ತೆಗೆದುಹಾಕಿದ್ದರು. 1946ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಹೊಣೆಯನ್ನು ನಾಲ್ಕಾಗಿ ವಿಂಗಡಿಸಿದನು. ಕಾನೂನನ್ನು ಮುರಿದವನ ಹೊಣೆಯನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ರಾಜ್ಯವು ಮಾಡಿದ್ದರ ಹೊಣೆಯನ್ನು ಪ್ರಜೆಗಳೆಲ್ಲರೂ ಹೊರುತ್ತಾರೆ. ನೈತಿಕ ಹೊಣೆಯನ್ನು ಅವರವರ ಅಂತಃಸಾಕ್ಷಿ ಕೇಳುತ್ತದೆ. ನಾಲ್ಕನೆಯದು ಮನುಷ್ಯ ಮನುಷ್ಯನಿಗೆ ಸಲ್ಲಿಸಬೇಕಾದ ಐಕ್ಯಭಾವದಲ್ಲಿ ಸೋತದ್ದು. ಅದಕ್ಕೆ ದೇವರೊಬ್ಬನೇ ನ್ಯಾಯಾಧೀಶ. ಈ ವಿಂಗಡಣೆಯ ಉಪಯೋಗವೇನೆಂದರೆ, ‘ನಾನು ಮಾಡಲಿಲ್ಲ’ ಎಂದು ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ, ‘ನೀವೆಲ್ಲರೂ ಪಾಪಿಗಳು’ ಎಂದು ಒಂದು ಕುಲವನ್ನೇ ದೂಷಿಸುವ ದಾರಿಯೂ ಮುಚ್ಚುತ್ತದೆ.

ಎರಡನೆಯ ದಾರಿ ಕೊಡಗಿನಲ್ಲಿ ಬಹಳ ಹತ್ತಿರದ್ದು. 1784ರಲ್ಲಿ ಕೆನರಾದ ಕಥೋಲಿಕರನ್ನು ಟಿಪ್ಪು ಸುಲ್ತಾನನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಕೊಡವರೂ ಆ ಸೆರೆಯ ದುಃಖವನ್ನು ಉಂಡವರೇ. ಆ ಕಷ್ಟಕಾಲದಲ್ಲಿ ನೆಲೆ ತಪ್ಪಿದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರನು ಆಶ್ರಯ ಕೊಟ್ಟನು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಕತೆ 1792ರಲ್ಲಿ ಹಾಗೆ ಮೊದಲಾಯಿತು. ಇದನ್ನು ಮರೆಯಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ, ಮರೆವು ಕ್ಷಮೆಯಲ್ಲ. ಆದರೆ ಆ ನೆನಪನ್ನು ಇಂದು ಸಂತೆಯಲ್ಲಿ ನಮ್ಮ ಪಕ್ಕ ನಿಂತು ತರಕಾರಿ ಕೊಳ್ಳುವ ಮುಸ್ಲಿಂ ನೆರೆಯವನ ತಲೆಗೆ ಕಟ್ಟುವುದು ಅನ್ಯಾಯ. ಟಿಪ್ಪು ಜಯಂತಿಯ ವಿಷಯದಲ್ಲಿ 2015ರ ನವೆಂಬರಿನಲ್ಲಿ ಮಡಿಕೇರಿಯಲ್ಲಿ ಎದ್ದ ಗಲಭೆ ಜೀವಗಳನ್ನೇ ತೆಗೆದುಕೊಂಡಿತು. ತಂದೆ ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆಂಬ ಗಾದೆಯನ್ನು ಇನ್ನು ಆಡಬೇಡಿರೆಂದು ಎಝೆಕಿಯೇಲ ಪ್ರವಾದಿಯ ಮೂಲಕ ದೇವರು ತಡೆದದ್ದು ಇಂಥ ಲೆಕ್ಕಾಚಾರವನ್ನೇ. ಪರರ ಹಿರಿಯರು ಮಾಡಿದ ಪಾಪವನ್ನು ಎಣಿಸುತ್ತ ಕೂತವನಿಗೆ ತನ್ನ ಮನೆಯ ಖಾಲಿ ಸಾಲು ಕಾಣಿಸುವುದಿಲ್ಲ.

ಧರ್ಮಸಭೆಯೇ ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದೆ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಶತಮಾನಗಳಿಂದ ಸಭೆಯ ಮಕ್ಕಳು ಮಾಡಿದ ಪಾಪಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಹೀಗೆ ಮಾಡಿದರೆ ವೈರಿಗಳಿಗೆ ಆಯುಧ ಕೊಟ್ಟಂತಾಗುತ್ತದೆಂದು ಹೆದರಿದವರಿದ್ದರು. ಸಭೆ ಕುಸಿಯಲಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಹೊರಡಿಸಿದಾಗ, ಜಾತಿಭೇದವು ನಮ್ಮ ಸಭೆಯೊಳಗೂ ಇದೆಯೆಂಬುದನ್ನು ಒಪ್ಪಿ ಅದನ್ನು ಘೋರ ಸಾಮಾಜಿಕ ಪಾಪವೆಂದು ಕರೆಯಿತು. ಈ ಒಪ್ಪಿಗೆ ಮೇಲಿನಿಂದ ಬಂದಿದೆ. ನಮ್ಮ ಬೆಂಚುಗಳವರೆಗೆ, ನಮ್ಮ ಮದುವೆ ಮಾತುಕತೆಗಳವರೆಗೆ ಇಳಿದಿದೆಯೇ? ಕೊಂಕಣಿ, ಮಲಯಾಳ, ತಮಿಳು, ಕನ್ನಡ ಎಂದು ಭಾಷೆಗೊಂದು ಗುಂಪಾಗಿ, ತೋಟದ ಮನೆ, ಲೈನುಮನೆ ಎಂದು ಅಂತಸ್ತಿಗೊಂದು ಸಾಲಾಗಿ ಕುಳಿತು ಒಂದೇ ಪರಮಪ್ರಸಾದವನ್ನು ಸ್ವೀಕರಿಸುವ ನಾವು ಇದಕ್ಕೆ ಉತ್ತರ ಹೇಳಬೇಕು.

ಪಾಪನಿವೇದನೆಯ ಸಂಸ್ಕಾರವು ಗತಕಾಲವನ್ನು ಅಳಿಸುವ ರಬ್ಬರಲ್ಲ. ಪಶ್ಚಾತ್ತಾಪ, ನಿವೇದನೆ, ಪರಿಹಾರ ಎಂಬ ಮೂರನ್ನು ಜ್ಞಾನೋಪದೇಶದಲ್ಲಿ ಎಲ್ಲರೂ ಕಲಿತಿದ್ದೇವೆ. ಮೂರನೆಯದನ್ನು ಮೂರು ‘ನಮೋ ಮರಿಯ’ ಜಪಕ್ಕೆ ಇಳಿಸಿಬಿಟ್ಟಿದ್ದೇವೆ. ಜಕ್ಕಾಯನು ಜಪ ಮಾಡಿ ಸುಮ್ಮನಾಗಲಿಲ್ಲ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಗತಕಾಲದಿಂದ ಓಡಿಹೋಗಲು ಆಗದು. ಆದರೆ ಅದರ ಕಡೆಗೆ ತಿರುಗಿ ನಿಂತು, ಸತ್ಯವನ್ನು ಹೇಳಿ, ಕೈಲಾದಷ್ಟನ್ನು ಹಿಂದಿರುಗಿಸಬಹುದು. ದೇವರ ಕೃಪೆ ಕೆಲಸ ಮಾಡುವುದು ಅಲ್ಲಿ.

ಆ ಯುವಕನು ಹೋದ ಮೇಲೆ ನಾವು ಹಳೆಯ ಧರ್ಮಕೇಂದ್ರಕ್ಕೆ ಹೋಗಿ, ಈಗ ನರೆಗೂದಲು ಬಂದಿರುವ ಆ ಮನೆಯ ಮಗನನ್ನು ಕಂಡೆವು. ಕೇಳಬೇಕಾಗಿದ್ದ ಮಾತನ್ನು ಇಪ್ಪತ್ತು ವರ್ಷ ತಡವಾಗಿ ಕೇಳಿದೆವು. ಆತ ತಲೆ ತಗ್ಗಿಸಿ ಕುಳಿತರು, ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಪುಸ್ತಕದ ಸಾಲು ಇಂದಿಗೂ ಖಾಲಿಯಾಗಿಯೇ ಇದೆ. ಆದರೆ ಮದುವೆಯ ದಿನ ಆ ಮನೆಯಿಂದ ಒಬ್ಬರು ಬಂದರು: ಯಜಮಾನರ ವಿಧವೆ, ಹುಡುಗನ ಅಜ್ಜಿ. ಯಾರ ಕೈಯನ್ನೂ ಹಿಡಿಯದೆ ನಿಧಾನವಾಗಿ ನಡೆದುಬಂದು, ಹುಡುಗನ ತಾಯಿಯ ಪಕ್ಕದಲ್ಲಿ ಕುಳಿತರು. ಪೂಜೆಯ ಮೇಲೆ ಊಟಕ್ಕೂ ಅಲ್ಲೇ ಕುಳಿತರು. ಇಬ್ಬರೂ ಹೆಚ್ಚು ಮಾತಾಡಿದಂತೆ ಕಾಣಲಿಲ್ಲ.

ಈ ತಿಂಗಳು ನಿಮ್ಮ ಮನೆಯವರ ಸಮಾಧಿಯ ಮುಂದೆ ನಿಂತಾಗ, ಪ್ರಿಯರೇ, ಓದುವ ಪಟ್ಟಿಯನ್ನೊಮ್ಮೆ ನೋಡಿರಿ. ಮನೆಯವರು ಬಾಯಿಬಿಡದ ಹೆಸರು ಒಂದಿದ್ದೀತು: ಬೇರೆ ಜಾತಿಯವನನ್ನು ಮದುವೆಯಾಗಿ ಹೊರನಡೆದ ಅತ್ತೆ, ಆಸ್ತಿಯಲ್ಲಿ ಪಾಲು ಸಿಗದೆ ಹೋದ ಚಿಕ್ಕಪ್ಪ, ಯಾರದೆಂದು ಎಲ್ಲರಿಗೂ ಗೊತ್ತಿದ್ದೂ ಯಾರೂ ಹೇಳದ ಮಗು. ಸತ್ತಿದ್ದರೆ ಆ ಹೆಸರನ್ನು ಪಟ್ಟಿಗೆ ಸೇರಿಸಿ ನಿಮ್ಮ ಗುರುಗಳ ಕೈಗೆ ಕೊಡಿರಿ. ಬದುಕಿದ್ದರೆ ಊಟಕ್ಕೆ ಕರೆಯಿರಿ. ಗುರುಗಳಾದ ನಮಗೂ ಒಂದು ಮಾತು: ನಮ್ಮ ಕಪಾಟುಗಳಲ್ಲಿರುವ ಹಳೆಯ ಪುಸ್ತಕಗಳನ್ನು ಧೂಳು ಕೊಡವಿ ತೆರೆಯೋಣ. ಎಲ್ಲಿ ನಾವು ಬರೆಯದೆ ಬಿಟ್ಟೆವೋ ಅಲ್ಲಿ ಪ್ರಭುವು ನಮಗಾಗಿ ಕಾದಿದ್ದಾನೆ.